ಹೀರಿಕೆಯ ಅಂಚಿನಿಂದ ಸ್ಫಟಿಕದ ಅವ್ಯವಸ್ಥೆಯನ್ನು ಅಳೆಯುವ ಬಗೆ

ಹಾಸನದ ಸ್ನಾತಕೋತ್ತರ ಭೌತಶಾಸ್ತ್ರ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಗಾಜಿನ ಮೇಲೆ ಜಿಂಕ್ ಆಕ್ಸೈಡ್‌ನ ತೆಳುಪದರ ತಯಾರಿಸಿ, ಅದರ ರೋಹಿತದಿಂದ (ಯಾವ ತರಂಗಾಂತರದ ಬೆಳಕು ಎಷ್ಟು ಹೀರಲ್ಪಡುತ್ತದೆಂಬ ನಕ್ಷೆಯಿಂದ) ಬ್ಯಾಂಡ್ ಗ್ಯಾಪ್ ಒಂದನ್ನೇ, ಅಂದರೆ ಎಲೆಕ್ಟ್ರಾನ್‌ಗಳು ಇರಬಲ್ಲ ಎರಡು ಶಕ್ತಿಪಟ್ಟಿಗಳ (ಬ್ಯಾಂಡ್‌ಗಳ) ನಡುವಿನ ಖಾಲಿ ಅಂತರವನ್ನಷ್ಟೇ, ಲೆಕ್ಕಹಾಕಿ ನಿಲ್ಲಿಸಬಾರದು. ಹೀರಿಕೆ ಥಟ್ಟನೆ ಏರುವ ಅಂಚಿನ ಕೆಳಗೆ, ಕಡಿಮೆ ಶಕ್ತಿಯ ಕಡೆ, ಉಳಿಯುವ ಹೀರಿಕೆಯ ಬಾಲದಲ್ಲಿಯೇ ಪರಮಾಣುಗಳ ಅವ್ಯವಸ್ಥೆಯ ಗುರುತು ಇರುತ್ತದೆ.

ಪರಮಾಣುಗಳು ಖಾಲಿ ಬಿಟ್ಟ ಸ್ಥಾನಗಳಿಂದಲೂ ಬಂಧಗಳ ಉದ್ದ, ಕೋನಗಳ ಏರುಪೇರಿನಿಂದಲೂ ಬ್ಯಾಂಡ್‌ಗಳ ಅಂಚಿನಾಚೆ ಗ್ಯಾಪಿನೊಳಗೆ ಎಲೆಕ್ಟ್ರಾನ್ ಸ್ಥಿತಿಗಳು ಚಾಚಿಕೊಳ್ಳುತ್ತವೆ. ಆದ್ದರಿಂದ ಗ್ಯಾಪಿಗಿಂತ ಕಡಿಮೆ ಶಕ್ತಿಯ ಬೆಳಕೂ ಸ್ವಲ್ಪ ಹೀರಲ್ಪಡುತ್ತದೆ. ಈ ಹೀರಿಕೆ ಬೆಳಕಿನ ಶಕ್ತಿಯೊಂದಿಗೆ ಘಾತೀಯವಾಗಿ ಏರುವುದನ್ನು ಭೌತವಿಜ್ಞಾನಿ ಫ್ರಾಂಜ್ ಅರ್ಬಾಖ್ 1953ರಲ್ಲಿ ಸಿಲ್ವರ್ ಬ್ರೋಮೈಡ್ ಮುಂತಾದವುಗಳಲ್ಲಿ ತೋರಿಸಿದರು.

ಮೊದಲು ಪದರವಿಲ್ಲದ ಅದೇ ಬಗೆಯ ಗಾಜನ್ನು ಆಧಾರವಾಗಿಟ್ಟು 350ರಿಂದ 800 ನ್ಯಾನೋಮೀಟರ್‌ವರೆಗಿನ ರೋಹಿತ ತೆಗೆಯಿರಿ. 1240ನ್ನು ತರಂಗಾಂತರದಿಂದ ಭಾಗಿಸಿದರೆ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. ಹೀರಿಕೆಯ ಸ್ವಾಭಾವಿಕ ಲಾಗರಿದಮ್ಮನ್ನು ಶಕ್ತಿಯ ಎದುರು ಗುರುತಿಸಿ, ಅಂಚಿನ ಕೆಳಗಿನ ಸರಳರೇಖೆಯ ಭಾಗವನ್ನಷ್ಟೇ ಆರಿಸಿಕೊಳ್ಳಿ. ಅದರ ಇಳಿಜಾರಿನ ವಿಲೋಮವೇ ಅರ್ಬಾಖ್ ಶಕ್ತಿ; ಅದು ಹೆಚ್ಚಿದಷ್ಟೂ ಅವ್ಯವಸ್ಥೆ ಹೆಚ್ಚು. ಪದರದ ದಪ್ಪ ತಪ್ಪಾಗಿ ಅಳೆಯಲ್ಪಟ್ಟರೂ ರೇಖೆ ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಇಳಿಜಾರು ಬದಲಾಗದು ಎಂಬುದು ಈ ವಿಧಾನದ ದೊಡ್ಡ ಅನುಕೂಲ.

ಆದರೆ ಚದುರುವಿಕೆಯ ವಿಷಯದಲ್ಲಿ ಅಂತಹ ರಿಯಾಯಿತಿ ಇಲ್ಲ: ಪದರದಲ್ಲಿ ಚದುರಿ ದಾರಿ ತಪ್ಪಿದ ಬೆಳಕೂ ಉಪಕರಣಕ್ಕೆ ಹೀರಿಕೆಯಂತೆಯೇ ಕಾಣುತ್ತದೆ. 3.10 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಬ್ಸಾರ್ಬೆನ್ಸ್ (ಉಪಕರಣ ತೋರಿಸುವ ಹೀರಿಕೆಯ ಅಳತೆ) 0.04, 3.24ರಲ್ಲಿ 0.29 ಇದೆಯೆಂದುಕೊಳ್ಳಿ: ಅರ್ಬಾಖ್ ಶಕ್ತಿ ಸುಮಾರು 71 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಆ ಎರಡರಲ್ಲೂ 0.02ರಷ್ಟು ಬರಿಯ ಚದುರುವಿಕೆಯಿಂದ ಬಂದದ್ದಾದರೆ, ಅದನ್ನು ಕಳೆದ ಮೇಲೆ ಉತ್ತರ ಸುಮಾರು 54ಕ್ಕೆ ಇಳಿಯುತ್ತದೆ. ಆದ್ದರಿಂದ ಉದ್ದ ತರಂಗಾಂತರಗಳ ಕಡೆ ಉಳಿಯುವ ಮಟ್ಟವನ್ನು ಗಮನಿಸಿ, ಕಳೆದೇ ಮುಂದುವರಿಯಿರಿ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆಯಿಂದ ಮಾದರಿ ಹಿಡಿದು ಬರುವವರು, ಗಾಜಿನ ಮೇಲೆ ತೇವ ಕೂರದಂತೆ ಅದನ್ನು ಡೆಸಿಕೇಟರಿನಲ್ಲಿ (ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆಯಲ್ಲಿ) ಇಡುವುದು ಒಳ್ಳೆಯದು.

ಅವ್ಯವಸ್ಥೆ ತಗ್ಗಿತೇ ಎಂದು ನೋಡಲು, ಪದರವನ್ನು ಕಾಯಿಸುವ ಮೊದಲಿನ ಮತ್ತು ನಂತರದ ಮಾದರಿಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ತಾಪದಲ್ಲಿ ಅಳೆಯಿರಿ. ಪರಮಾಣುಗಳ ಕಂಪನವೂ ಬಾಲವನ್ನು ಹಿಗ್ಗಿಸುತ್ತದೆ. ಉಷ್ಣದ ಅವ್ಯವಸ್ಥೆ ಮತ್ತು ರಚನೆಯ ಅವ್ಯವಸ್ಥೆ ಎರಡೂ ಕೂಡಿಕೊಳ್ಳುತ್ತವೆಂದು 1981ರಲ್ಲಿ ಕೋಡಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹೈಡ್ರೋಜನ್ ಬೆರೆತ ಅಸ್ಫಟಿಕ ಸಿಲಿಕಾನಿನಲ್ಲಿ ತೋರಿಸಿದರು. ದ್ರವ ಸಾರಜನಕದ ಸೌಲಭ್ಯವಿದ್ದರೆ 77 ಕೆಲ್ವಿನ್‌ನಲ್ಲಿಯೂ ಅಳೆಯಿರಿ. ಅಲ್ಲಿ ಕುಗ್ಗುವ ಭಾಗ ಕಂಪನದ್ದು, ಉಳಿಯುವ ಭಾಗದಲ್ಲಿ ರಚನೆಯ ಪಾಲೇ ಹೆಚ್ಚು.