ಊರಲ್ಲಿ ಮಗು, ಊರಾಚೆ ಅವ್ವ-ಅಪ್ಪ: ನಡುವಿನ ಫೋನನ್ನು ಬಳಸುವ ಬಗೆ

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ತಾಯಿ-ತಂದೆ ಗುಳೆ ಹೋದ ಮೇಲೆ ಎಷ್ಟೋ ಮಕ್ಕಳನ್ನು ಸಾಕುವವರು ಆಯಿ ಮತ್ತು ಮುತ್ಯಾ, ಅಂದರೆ ಅಜ್ಜಿ ಮತ್ತು ಅಜ್ಜ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕೆ ನಿಂತ ಅವ್ವನ ಮುಖ ಆ ಮಕ್ಕಳಿಗೆ ತಿಂಗಳುಗಟ್ಟಲೆ ಕಾಣುವುದು ಫೋನಿನಲ್ಲಿ ಮಾತ್ರ. ಆದ್ದರಿಂದ ‘ಮಕ್ಕಳ ಕೈಗೆ ಫೋನ್ ಕೊಡಲೇಬೇಡಿ’ ಎಂಬ ಮಾತು ಇಂಥ ಮನೆಗಳಿಗೆ ಹೊಂದುವುದಿಲ್ಲ. ಇಲ್ಲಿ ಮೊದಲು ಕಾಪಾಡಬೇಕಾದದ್ದು ಅವ್ವನ ಕರೆಯನ್ನು. ಕಾರ್ಟೂನು, ಆಟ, ರೀಲ್ಸ್‌ಗಳಿಗೆ ಎಷ್ಟು ಹೊತ್ತು ಎಂಬುದನ್ನು ಆ ಕರೆ ನೋಡಿಕೊಂಡೇ ಗೊತ್ತುಮಾಡಬೇಕು.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿಯೇ. ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕನ ಆರು ವರ್ಷದ ಮಗ ತಣ್ಣಗಿನ ಶಹಾಬಾದಿ ಫರಸಿಯ (ಕಲ್ಲುಹಾಸಿನ) ಮೇಲೆ ಬೋರಲು ಮಲಗಿ ಕಾರ್ಟೂನು ನೋಡುತ್ತಿದ್ದ. ಪುಣೆಯಿಂದ ಅಕ್ಕ ಕರೆ ಮಾಡಿದಳು. ಪರದೆಯ ಮೇಲ್ತುದಿಯಲ್ಲಿ ಅವಳ ಹೆಸರು ಮೂಡಿದ್ದೇ ತಡ, ಚಿತ್ರಕ್ಕೆ ಅಡ್ಡ ಬಂತೆಂದು ಹುಡುಗ ಅದನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿಬಿಟ್ಟ. ಮೂರು ಸಲ ಕರೆ ಬಂತು, ಮೂರು ಸಲವೂ ತಳ್ಳಿದ. ಊಟದ ಬಿಡುವಿನಲ್ಲಿ ಕರೆ ಮಾಡಿದ್ದ ಅವಳಿಗೆ ರಾತ್ರಿಯವರೆಗೆ ಮತ್ತೆ ಪುರುಸೊತ್ತು ಸಿಗಲಿಲ್ಲ. ಮಗುವಿನದೇನೂ ತಪ್ಪಿರಲಿಲ್ಲ, ಕರೆಗೊಂದು ಹೊತ್ತನ್ನು ನಾವು ದೊಡ್ಡವರೇ ಗೊತ್ತುಮಾಡಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ದಿನವೂ ಒಂದೇ ಸಮಯಕ್ಕೆ ಕರೆ ಇಟ್ಟುಕೊಂಡು ಅದಕ್ಕೆ ಮುಂಚಿನ ಒಂದು ತಾಸು ಫೋನನ್ನು ಚಾರ್ಜಿಗೆ ಹಾಕಿ ಗೋಡೆಯ ಗೂಡಿನಲ್ಲಿ ಇಡುವುದು. ಡೇಟಾದ ಲೆಕ್ಕವನ್ನೂ ನೋಡಬೇಕು. ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕಿನಲ್ಲಿ ಮಗು ಮಧ್ಯಾಹ್ನವೆಲ್ಲ ವಿಡಿಯೊ ನೋಡಿದರೆ ಸಂಜೆಯ ಕರೆಗೆ ಡೇಟಾ ಉಳಿಯುವುದಿಲ್ಲ, ಅವ್ವನ ಮುಖ ಮಸುಕಾಗಿ ಅಲ್ಲಲ್ಲೇ ನಿಂತುಬಿಡುತ್ತದೆ. ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಗುಣಮಟ್ಟವನ್ನು ‘ಡೇಟಾ ಸೇವರ್’ಗೆ ಇಳಿಸಿ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಮತ್ತು ಡೇಟಾ ಭಾಗದಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆಯಿದೆ, ಅದನ್ನು ಆನ್ ಮಾಡಿ.

ಕರೆಯ ಹೊತ್ತನ್ನೂ ಸೇರಿಸಿ ಮಗು ಬಹಳ ಹೊತ್ತು ಪರದೆ ನೋಡುತ್ತದೆಂದು ಕೆಲವರು ಅಂಜುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡವೆಂದೂ ಹೇಳಿತು. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿನೆಂಟು ತಿಂಗಳೊಳಗಿನ ಕೂಸುಗಳಿಗೂ ವಿಡಿಯೊ ಕರೆಯನ್ನು ನಿರ್ಬಂಧದಿಂದ ಹೊರಗಿಟ್ಟಿತ್ತು. ಕಾರ್ಟೂನು ಮಗುವಿಗೆ ಮರುಮಾತು ಕೊಡುವುದಿಲ್ಲ, ಅವ್ವ ಕೊಡುತ್ತಾಳೆ.

ಆ ಮರುಮಾತು ಚೆನ್ನಾಗಿ ನಡೆಯಬೇಕಾದರೆ ಫೋನನ್ನು ಮಗುವಿನ ಕೈಗೆ ಕೊಡದೆ ಹಿಟ್ಟಿನ ಡಬ್ಬಿಗೆ ಆನಿಸಿ ಅದರ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಕೈಯಲ್ಲಿದ್ದರೆ ಐದು ನಿಮಿಷದೊಳಗೆ ಬೆರಳು ಬೇರೆ ಕಡೆ ಹೋಗುತ್ತದೆ. ‘ಊಟ ಆಯ್ತಾ, ಶಾಲೆಗೆ ಹೋಗಿದ್ದೀಯಾ’ ಎಂಬ ಎರಡು ಪ್ರಶ್ನೆಗಳಾದ ಮೇಲೆ ಮಾತು ತೀರಿಹೋಗುವುದು ಎಲ್ಲ ಮನೆಗಳ ಕಷ್ಟ. ಅದಕ್ಕೆ ನಾವು ಕಂಡುಕೊಂಡ ಉಪಾಯವೊಂದಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಉಚಿತವಾಗಿ ಸಿಗುತ್ತವೆ; ಮಗುವಿನ ತರಗತಿಯ ಕನ್ನಡ ಪುಸ್ತಕವನ್ನು ಅವ್ವ ತನ್ನ ಫೋನಿಗೆ ಇಳಿಸಿಕೊಂಡರೆ, ಇಲ್ಲಿ ಮಗು ತೆರೆದ ಪುಟವನ್ನೇ ಅಲ್ಲಿ ಅವಳೂ ತೆರೆದು ಒಂದು ಸಾಲು ಅವಳು, ಒಂದು ಸಾಲು ಮಗು ಓದಬಹುದು. ಓದು ಬಾರದ ತಾಯಿಯಾದರೆ ಮಗುವೇ ಓದಿ ಹೇಳಲಿ, ಅವಳು ಕತೆ ಮುಂದೇನಾಯಿತೆಂದು ಕೇಳಲಿ. ನಮ್ಮ ಹುಡುಗ ಈಗ ಸಂಜೆಯಾದರೆ ಪುಸ್ತಕ ಹಿಡಿದು ತಾನೇ ಗೂಡಿನ ಕೆಳಗೆ ಬಂದು ನಿಲ್ಲುತ್ತಾನೆ.

ಇನ್ನು ಉಳಿದ ಹೊತ್ತಿನ ಮಾತು. ಮನೆಯಲ್ಲಿ ಒಂದೇ ಫೋನ್ ಇದ್ದಾಗ ಮುತ್ಯಾ ನೋಡುವ ಅಪರಾಧ ಸುದ್ದಿಯೂ ಮಗು ನೋಡುವ ಕಾರ್ಟೂನೂ ಒಂದೇ ಖಾತೆಯ ಇತಿಹಾಸದಲ್ಲಿ ಬೆರೆಯುತ್ತವೆ. ಯೂಟ್ಯೂಬ್ ಆ ಇತಿಹಾಸವನ್ನು ನೋಡಿಯೇ ಮುಂದಿನದನ್ನು ತೋರಿಸುವುದರಿಂದ ಕೊಲೆಯ ದೃಶ್ಯ ಮಗುವಿನ ಮುಂದೆ ಬಂದು ನಿಲ್ಲುತ್ತದೆ. ವೀಕ್ಷಣೆಯ ಇತಿಹಾಸವನ್ನು ಅಳಿಸಿ, ಒಂದರ ಹಿಂದೆ ಒಂದು ತಾನಾಗಿ ಓಡುವ ಆಟೋಪ್ಲೇ ನಿಲ್ಲಿಸಿ, ಮಗುವಿಗಾಗಿ ಯೂಟ್ಯೂಬ್ ಕಿಡ್ಸ್ ಹಾಕಿ ನೀವು ಒಪ್ಪಿದ ವಿಡಿಯೊಗಳು ಮಾತ್ರ ಕಾಣುವ ಆಯ್ಕೆಯನ್ನು ಆರಿಸಿ. ಅದರೊಳಗೇ ಸಮಯ ಮುಗಿದಾಗ ನಿಲ್ಲುವ ಟೈಮರ್ ಇದೆ. ಆಯಿ ಕಸಿದುಕೊಳ್ಳುವುದಕ್ಕಿಂತ ಟೈಮರ್ ನಿಲ್ಲಿಸಿದರೆ ಅಳು ಕಡಿಮೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್ ಪಿನ್ನಿಂಗ್ ಬಳಸಿದರೆ, ತೆರೆದ ಆ್ಯಪ್‌ನಿಂದ ಹೊರಬರಲು ಪಿನ್ ಕೇಳುವಂತೆ ಮಾಡಬಹುದು. ಹಳೆಯ ಫೋನೊಂದನ್ನು ಮಗುವಿಗೆಂದೇ ಇಟ್ಟಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ದೂರದಲ್ಲಿರುವ ಅಪ್ಪನೇ ತನ್ನ ಫೋನಿನಿಂದ ದಿನದ ಮಿತಿಯನ್ನೂ ರಾತ್ರಿ ಫೋನ್ ಬಂದ್ ಆಗುವ ಸಮಯವನ್ನೂ ಗೊತ್ತುಮಾಡಬಹುದು.

ದೊಡ್ಡ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೇ ಎಂದು ಮೆಸೇಜು ಓದಿ ಹೇಳುವವರು ಹತ್ತು-ಹನ್ನೆರಡು ವರ್ಷದ ಮೊಮ್ಮಕ್ಕಳೇ. ಹೀಗೆ ಓದುವ ಮಗುವಿಗೆ ಯುಪಿಐ ಪಿನ್ ಹೇಳಬಾರದು. ಹಣ ಬರುವುದಕ್ಕೆ ಪಿನ್ ಒತ್ತಬೇಕಿಲ್ಲ, ಕಳಿಸುವುದಕ್ಕೆ ಬೇಕು ಎಂಬುದನ್ನು ಮಗುವಿಗೂ ಆಯಿಗೂ ಒಟ್ಟಿಗೆ ಕೂರಿಸಿ ತಿಳಿಸಬೇಕು. ಮದುವೆ ಪತ್ರಿಕೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು) ಯಾರು ಕಳಿಸಿದರೂ ತೆರೆಯಬಾರದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅಪರಿಚಿತರು ಫೋಟೊ ಕೇಳಿದರೆ, ಅಂಜಿಸಿದರೆ, ಮಗು ಬಂದು ಹೇಳಿದ ಕೂಡಲೇ ಬೈಯಬೇಡಿ. ಬೈದರೆ ಎರಡನೆಯ ಸಲ ಹೇಳುವುದಿಲ್ಲ. ಆ ಮೆಸೇಜನ್ನು ಅಳಿಸದೆ ಉಳಿಸಿಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಇವೆಲ್ಲವನ್ನೂ ದೂರದಿಂದ ಹೇಳಿ ಮಾಡಿಸುವುದು ಕಷ್ಟ. ಯುಗಾದಿಗೋ ಜಾತ್ರೆಗೋ ಊರಿಗೆ ಬಂದಾಗ ಅರ್ಧ ದಿನ ತೆಗೆದಿಟ್ಟು ಆಯಿಯ ಪಕ್ಕದಲ್ಲಿ ಕುಳಿತು, ಅವಳ ಬೆರಳಿನಿಂದಲೇ ಒಂದೊಂದನ್ನೂ ಒತ್ತಿಸಿ ಕಲಿಸಿ. ಕರೆಯ ಸಮಯವನ್ನೂ ಆ ಎರಡು ನಂಬರುಗಳನ್ನೂ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ, ಮುತ್ಯಾನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆದು ಹೋಗಿ.