ಜಿಎಸ್‌ಟಿ ದರ ಬದಲಾದಾಗ ಎಐ ಮಾಡಿದ್ದೆಷ್ಟು, ನಾವು ಮಾಡಿದ್ದೆಷ್ಟು

ಕೃತಕ ಬುದ್ಧಿಮತ್ತೆ ಸಾಫ್ಟ್‌ವೇರ್ ಕೆಲಸಗಳನ್ನು ನುಂಗಿಬಿಡುತ್ತದೆಯೇ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಮಕ್ಕಳನ್ನು ಎಂಜಿನಿಯರಿಂಗ್‌ಗೆ ಸೇರಿಸಿದವರಿಗಂತೂ ಇದೇ ಚಿಂತೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಾಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ತಂಡ ಮಾಡಿದ ಒಂದು ಕೆಲಸವನ್ನೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ನಾನು ನೋಡಿಕೊಳ್ಳುವುದು ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶವನ್ನು. ಆ ತಿಂಗಳ 3ರಂದು ಜಿಎಸ್‌ಟಿ ಮಂಡಳಿ ಹೊಸ ದರಗಳನ್ನು ಪ್ರಕಟಿಸಿತು, ಜಾರಿಯ ದಿನ 22. ಶೇ 12 ಮತ್ತು ಶೇ 28ರಲ್ಲಿದ್ದ ಬಹುತೇಕ ವಸ್ತುಗಳು ಶೇ 5 ಮತ್ತು ಶೇ 18ಕ್ಕೆ ಬಂದವು. ಮೂರು ವಾರವೂ ಇಲ್ಲದ ಅವಧಿಯಲ್ಲಿ ಎಲ್ಲ ಅಂಗಡಿಗಳ ಬಿಲ್ಲು ಸರಿಯಾಗಬೇಕಿತ್ತು.

ನಮ್ಮ ಕೋಡ್‌ನ ಬಹುಭಾಗ 2017ರಲ್ಲಿ ಜಿಎಸ್‌ಟಿ ಬಂದಾಗಿನದು, ಹಲವರು ತಿದ್ದಿರುವಂಥದ್ದು. ತೆರಿಗೆಯ ದರ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಲು ಎಐ ಉಪಕರಣಕ್ಕೆ ಹೇಳಿದೆ. ಸಾವಿರಾರು ಸಾಲುಗಳನ್ನು ಜಾಲಾಡಿ ಅಚ್ಚುಕಟ್ಟಾದ ಪಟ್ಟಿ ಕೊಟ್ಟಿತು. ಮೊದಲಾಗಿದ್ದರೆ ಇದನ್ನು ಹೊಸದಾಗಿ ಸೇರಿದ ಇಬ್ಬರಿಗೆ ಒಪ್ಪಿಸಿ ಕೆಲವು ದಿನ ಕಾಯುತ್ತಿದ್ದೆವು. ಆ ಕೆಲಸ ಇನ್ನು ಮನುಷ್ಯರ ಕೈಗೆ ಮರಳುವುದಿಲ್ಲ. ಇದನ್ನು ಮುಚ್ಚಿಟ್ಟು ಯಾರಿಗೂ ಸಮಾಧಾನ ಹೇಳಲಾರೆ.

ಮುಂದಿನ ಹಂತದಲ್ಲಿ ಕೋಡ್ ತಿದ್ದಿ, ಅದು ಸರಿಯಾದ ಉತ್ತರ ಕೊಡುತ್ತದೆಯೇ ಎಂದು ತಾನಾಗಿ ತಾಳೆ ನೋಡುವ ಪರೀಕ್ಷೆಗಳನ್ನೂ ಬರೆಯಲು ಹೇಳಿದೆ. ಎಲ್ಲ ಪರೀಕ್ಷೆಗಳೂ ಪಾಸಾದವು. ಒಂದೊಂದನ್ನೇ ಬಿಡಿಸಿ ಓದಿದಾಗ ಕಾರಣ ತಿಳಿಯಿತು: ಕೋಡ್ ಯಾವ ಉತ್ತರ ಕೊಡುತ್ತದೋ ಅದನ್ನೇ ಎಐ ಸರಿಯುತ್ತರವೆಂದು ಬರೆದುಕೊಂಡಿತ್ತು. ಅಲ್ಲಿ ಸಿಕ್ಕಿದ್ದು ಏಸಿಯ ಲೆಕ್ಕ. ಗಿರಾಕಿಯೊಬ್ಬರು ಆಗಸ್ಟ್‌ನಲ್ಲಿ 40,000 ರೂಪಾಯಿಯ ಏಸಿ ಕೊಂಡರೆ ಶೇ 28ರಂತೆ 11,200 ರೂಪಾಯಿ ತೆರಿಗೆ ಕಟ್ಟಿರುತ್ತಾರೆ. ಸೆಪ್ಟೆಂಬರ್ ಕೊನೆಗೆ ಅದನ್ನು ವಾಪಸ್ ತಂದರೆ, ತಿದ್ದಿದ ಕೋಡ್ ಶೇ 18ರಂತೆ 7,200 ರೂಪಾಯಿ ತೆರಿಗೆಯನ್ನಷ್ಟೇ ಹಿಂದಿರುಗಿಸುವ ಕ್ರೆಡಿಟ್ ನೋಟ್ (ಸರಕು ವಾಪಸ್ ಬಂದಾಗ ಅಂಗಡಿ ಕೊಡುವ ಚೀಟಿ) ಮಾಡುತ್ತಿತ್ತು. ಮೂಲ ಮಾರಾಟಕ್ಕೆ ಹಾಕಿದ ದರದಲ್ಲೇ ತೆರಿಗೆ ಹಿಂದಿರುಗಬೇಕು. 4,000 ರೂಪಾಯಿ ಕಡಿಮೆ ಕೊಟ್ಟರೆ ಕೌಂಟರ್‌ನಲ್ಲಿ ಉತ್ತರ ಹೇಳಬೇಕಾದದ್ದು ಅಂಗಡಿಯವರು.

ಉಪಕರಣವನ್ನು ಮುಚ್ಚಿಟ್ಟು ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯರ ಬಳಿ ಕಾಗದ ಹಿಡಿದು ಕುಳಿತೆ. ಸರಕು ಕೊಟ್ಟ ದಿನ, ಹಣ ಬಂದ ದಿನ, ಬಿಲ್ಲಿನ ದಿನ, ವಾಪಸ್ ಬಂದ ದಿನ, ಅನ್ವಯಿಸುವ ದರ ಎಂದು ಕೋಷ್ಟಕ ಹಾಕಿದೆವು. ಸರಕು ಕೊಟ್ಟದ್ದು ದರ ಬದಲಾಗುವ ಮೊದಲು, ಬಿಲ್ಲೂ ಹಣವೂ ಆಮೇಲೆ ಆಗಿದ್ದರೆ ಏನು? ಮುಂಗಡ ಮೊದಲೇ ಬಂದಿದ್ದರೆ? ಇವಕ್ಕೆ ಉತ್ತರ ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ಪ್ರತಿ ಸಾಲಿನ ಉತ್ತರವನ್ನು ಕೈಯಲ್ಲೇ ಲೆಕ್ಕ ಹಾಕಿ ತುಂಬಿದೆವು. ಆಮೇಲೆ ಕೋಷ್ಟಕವನ್ನು ಎಐಗೆ ಕೊಟ್ಟು, ಮೊದಲು ಇದರಿಂದ ಪರೀಕ್ಷೆ ಬರೆ, ಕೋಡ್ ಆಮೇಲೆ ಮುಟ್ಟು ಎಂದೆ. ಈ ಸಲ ಅದರ ಕೆಲಸ ನಿಜಕ್ಕೂ ಸೊಗಸಾಗಿತ್ತು, ವೇಗವೂ ಬೆರಗು ಹುಟ್ಟಿಸುವಂಥದ್ದು.

2025ರಲ್ಲೇ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಇದಕ್ಕೆ ಎಐ ಕಾರಣವಲ್ಲ ಎಂಬುದು ಕಂಪನಿಯ ಮಾತು. ಕಾರಣ ಯಾವುದೇ ಇರಲಿ, ಆ ಮನೆಗಳ ಕಂತು, ಮಕ್ಕಳ ಶುಲ್ಕ ನಿಲ್ಲುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡುವುದು ಹೊಸಬರ ವಿಷಯ. ಆ ಏಸಿಯ ಲೆಕ್ಕ ನನ್ನ ಕಣ್ಣಿಗೆ ಬಿದ್ದದ್ದು ವರ್ಷಗಟ್ಟಲೆ ಇಂಥ ಬೇಸರದ ಹುಡುಕಾಟ ಮಾಡಿದ್ದರಿಂದ. ಆ ಹುಡುಕಾಟವನ್ನೇ ಯಂತ್ರಕ್ಕೆ ಕೊಟ್ಟ ಮೇಲೆ ಹೊಸಬರಿಗೆ ಈ ಕಣ್ಣು ಎಲ್ಲಿಂದ ಬರಬೇಕು? ಖರ್ಚು ಉಳಿಯಿತೆಂದು ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುವುದು ದುಡುಕಿನ ಲೆಕ್ಕ ಎಂದು ನನ್ನ ಮೇಲಿನವರಿಗೂ ಹೇಳಿದ್ದೇನೆ.

ಈಗ ನಮ್ಮಲ್ಲಿ ಹೊಸಬರು ಮೊದಲು ಕಲಿಯುವುದು ಕೋಷ್ಟಕ ಹಾಕುವುದನ್ನು. ಲೆಕ್ಕಪತ್ರದವರ ಬಳಿ ಕುಳಿತು, ಪ್ರಶ್ನೆ ಕೇಳಿ, ಉತ್ತರವನ್ನು ಕೈಯಲ್ಲಿ ಬರೆದ ಮೇಲೆಯೇ ಎಐ ತೆರೆಯಬೇಕು. ಸೆಪ್ಟೆಂಬರ್‌ನ ಕೋಷ್ಟಕದಲ್ಲಿ ಹಿರಿಯರಾದ ನಾವಿಬ್ಬರೂ ಯೋಚಿಸದ ಒಂದು ಸಾಲನ್ನು ಆಗಷ್ಟೇ ಸೇರಿದ್ದ ಹುಡುಗಿ ಸೇರಿಸಿದಳು: ಹಳೆಯ ದರದಲ್ಲಿ ಕೊಂಡ ಏಸಿಯನ್ನು ಮರಳಿಸಿ, ಅದೇ ಕೌಂಟರ್‌ನಲ್ಲಿ ಬೇರೆ ಮಾದರಿಯ ಏಸಿ ಒಯ್ದರೆ? ಮರಳಿಸಿದ್ದಕ್ಕೆ ಶೇ 28ರ ಕ್ರೆಡಿಟ್ ನೋಟ್, ಒಯ್ದದ್ದಕ್ಕೆ ಶೇ 18ರ ಹೊಸ ಬಿಲ್ಲು ಎಂದು ಉತ್ತರವನ್ನೂ ಅವಳೇ ಬರೆದಳು.