ಸಿಂಗಪುರದ ಬಾಡಿಗೆ ಮನೆಯಲ್ಲಿ ನಾಯಿ, ಬೆಕ್ಕು: ಕೊಡಗಿನಿಂದ ಬರುವವರ ಗಮನಕ್ಕೆ

ಕೊಡಗಿನ ತೋಟದ ಮನೆಗಳಲ್ಲಿ ನಾಯಿ ಸಾಕುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಆನೆಯೋ ಕಾಡುಹಂದಿಯೋ ತೋಟಕ್ಕೆ ಇಳಿದ ರಾತ್ರಿ ನಾಯಿಗಳು ಬೊಗಳದಿದ್ದರೆ ಮನೆಯವರಿಗೆ ಅಸಮಾಧಾನವಾಗುತ್ತದೆಯೇ ಹೊರತು, ಬೊಗಳಿದವೆಂದು ನೆರೆಯವರು ದೂರು ಕೊಡುವುದಿಲ್ಲ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಗಳಿಂದ ಉದ್ಯೋಗಕ್ಕೆಂದು ಸಿಂಗಪುರಕ್ಕೆ ಬರುವವರು ಮನೆ ಹಿಡಿದು, ಸಾಮಾನು ಜೋಡಿಸಿ, ಆಮೇಲೆ ನಾಯಿ ಸಾಕಬಹುದೇ ಎಂದು ವಿಚಾರಿಸುವುದು ಸಾಮಾನ್ಯ. ಆ ಹೊತ್ತಿಗೆ ಉತ್ತರ ಹೆಚ್ಚುಕಡಿಮೆ ನಿರ್ಧಾರವಾಗಿಯೇ ಹೋಗಿರುತ್ತದೆ. ಏಕೆಂದರೆ ಇಲ್ಲಿ ಏನನ್ನು ಸಾಕಬಹುದು ಎಂಬುದು ನೀವು ಹಿಡಿದ ಮನೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ.

ಸಿಂಗಪುರದ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿ ಕಟ್ಟಿಸಿದ ಫ್ಲ್ಯಾಟುಗಳಲ್ಲಿದ್ದಾರೆ, ಹೊಸಬರಿಗೆ ಕೈಗೆಟಕುವ ಬಾಡಿಗೆಯೂ ಅಲ್ಲಿಯೇ. ಈ ಫ್ಲ್ಯಾಟುಗಳಲ್ಲಿ ಒಂದೇ ನಾಯಿಗೆ ಅವಕಾಶವಿದೆ, ಅದೂ ಮಂಡಳಿಯ ಪಟ್ಟಿಯಲ್ಲಿರುವ ಸಣ್ಣ ತಳಿಯದಾಗಿರಬೇಕು. ಪಗ್, ಶಿಟ್ಸು, ಚಿವಾವಾ, ಮಾಲ್ಟೀಸ್ ಮುಂತಾದವು ಪಟ್ಟಿಯಲ್ಲಿವೆ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಲ್ಯಾಬ್ರಡಾರ್ ಇಲ್ಲ, ಜರ್ಮನ್ ಶೆಪರ್ಡ್ ಇಲ್ಲ, ರಾಟ್‌ವೈಲರ್ ಅಂತೂ ದೂರದ ಮಾತು. ಪೊಮೆರೇನಿಯನ್ ಇದೆ, ಆದರೆ ನಮ್ಮೂರಿನಲ್ಲಿ ಪೊಮೆರೇನಿಯನ್ ಎಂದು ಕರೆಯುವ ಬಿಳಿ ನಾಯಿ ಎಷ್ಟೋ ಸಲ ಇಂಡಿಯನ್ ಸ್ಪಿಟ್ಜ್ ಎಂಬ ಬೇರೆಯೇ ತಳಿಯಾಗಿರುವುದರಿಂದ, ರೂಢಿಯ ಹೆಸರನ್ನು ನಂಬಿ ಅರ್ಜಿ ಹಾಕುವುದು ಬೇಡ. ನಿಯಮ ಮೀರಿದ್ದು ಕಂಡುಬಂದರೆ 4,000 ಸಿಂಗಪುರ ಡಾಲರ್‌ವರೆಗೆ ದಂಡ ಬೀಳಬಹುದು.

ಹೊಸಬರು ಮುಗ್ಗರಿಸುವ ಜಾಗ ಇನ್ನೊಂದಿದೆ. ಒಂದು ನಾಯಿ ಎಂಬ ಮಿತಿ ಇರುವುದು ಫ್ಲ್ಯಾಟಿಗೆ, ಅದರಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಅಲ್ಲ. ಮನೆಯೊಡೆಯರು ಅಲ್ಲಿಯೇ ಇದ್ದು ಒಂದು ಕೋಣೆಯನ್ನು ಮಾತ್ರ ನಿಮಗೆ ಬಾಡಿಗೆಗೆ ಕೊಟ್ಟಿದ್ದು, ಅವರ ಬಳಿ ಈಗಾಗಲೇ ನಾಯಿ ಇದ್ದರೆ, ಅವರು ಎಷ್ಟೇ ಸಂತೋಷದಿಂದ ಒಪ್ಪಿದರೂ ನಿಮ್ಮ ನಾಯಿಗೆ ಅಲ್ಲಿ ಜಾಗವಿಲ್ಲ. ಮಾಲೀಕರ ಒಪ್ಪಿಗೆಗೂ ಸರ್ಕಾರದ ಅನುಮತಿಗೂ ಸಂಬಂಧವಿಲ್ಲ, ಎರಡೂ ಬೇಕು.

ಬೆಕ್ಕಿನ ವಿಷಯದಲ್ಲಿ ಹಳಬರ ಮಾತು ಕೇಳಿ ಗಾಬರಿಯಾಗಬೇಡಿ. 1989ರಿಂದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ ಬೆಕ್ಕು ಸಾಕುವುದಕ್ಕೆ ನಿಷೇಧವಿದ್ದುದು ನಿಜ, ಹಲವರು ಗುಟ್ಟಾಗಿ ಸಾಕುತ್ತಿದ್ದುದೂ ನಿಜ. 2024ರ ಸೆಪ್ಟೆಂಬರ್ 1ರಿಂದ ಆ ನಿಷೇಧ ತೆರವಾಗಿದ್ದು, ಈಗ ಒಂದು ಫ್ಲ್ಯಾಟಿನಲ್ಲಿ ಎರಡು ಬೆಕ್ಕುಗಳಿಗೆ ಅವಕಾಶವಿದೆ. ಬೆಕ್ಕಿಗೂ ಮೈಕ್ರೋಚಿಪ್ ಹಾಕಿಸಿ ಪರವಾನಗಿ ಪಡೆಯಬೇಕು. ಇದಕ್ಕೆ ಕೊಟ್ಟಿರುವ ಕಾಲಾವಕಾಶ 2026ರ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹಗಲೆಲ್ಲ ಅಲೆದು ಊಟದ ಹೊತ್ತಿಗೆ ಹಿಂತಿರುಗುವ ನಮ್ಮೂರ ಬೆಕ್ಕಿನ ಜೀವನ ಇಲ್ಲಿ ಸಾಧ್ಯವಿಲ್ಲ. ಹತ್ತನೆಯ ಮಹಡಿಯ ಕಿಟಕಿಯಿಂದ ಬೆಕ್ಕು ಕೆಳಗೆ ಬೀಳದಂತೆ ಜಾಲರಿ ಹಾಕಿಸುವುದು ಅಗತ್ಯ. ಬಾಡಿಗೆ ಮನೆಯ ಕಿಟಕಿ ಚೌಕಟ್ಟಿಗೆ ಮೊಳೆ ಹೊಡೆಯುವ ಮೊದಲು ಮಾಲೀಕರನ್ನು ಕೇಳಿರಿ.

ಕಾಂಡೊ ಎಂದು ಕರೆಯುವ ಖಾಸಗಿ ವಸತಿ ಸಮುಚ್ಚಯಗಳಲ್ಲಿ ತಳಿಯ ಪಟ್ಟಿಯ ಕಟ್ಟು ಇಲ್ಲ. ನಾಯಿ ಬೆಕ್ಕು ಸೇರಿ ಮೂರರವರೆಗೆ ಇಟ್ಟುಕೊಳ್ಳಬಹುದು. ಲ್ಯಾಬ್ರಡಾರ್ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಹೆಚ್ಚಿನ ಬಾಡಿಗೆ ತೆತ್ತು ಇತ್ತ ಬರುವುದು ಇದೇ ಕಾರಣಕ್ಕೆ. ಆದರೆ ಸಮುಚ್ಚಯದ ಆಡಳಿತ ಮಂಡಳಿಗೆ ಅದರದೇ ಉಪನಿಯಮಗಳಿದ್ದು, ಲಿಫ್ಟ್, ಈಜುಕೊಳ, ಉದ್ಯಾನಗಳಲ್ಲಿ ಪ್ರಾಣಿಗಳ ಓಡಾಟವನ್ನು ಅವು ನಿಯಂತ್ರಿಸಬಹುದು. ರಾಟ್‌ವೈಲರ್, ಡಾಬರ್‌ಮನ್‌ನಂಥ ನಾಯಿಗಳನ್ನು ಹೊರಗೆ ಕರೆದೊಯ್ಯುವಾಗ ಹಗ್ಗದ ಜೊತೆಗೆ ಬಾಯಿಗೆ ಕುಕ್ಕೆಯನ್ನೂ ಕಟ್ಟಬೇಕು, ವಿಮೆಯನ್ನೂ ಮಾಡಿಸಿರಬೇಕು.

ಮನೆ ಯಾವುದೇ ಇರಲಿ, ಮೂರು ತಿಂಗಳು ದಾಟಿದ ನಾಯಿಗೆ ಪರವಾನಗಿ ಕಡ್ಡಾಯ. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ವರ್ಷಕ್ಕೆ 15 ಡಾಲರ್, ಆಗದಿದ್ದರೆ 90 ಡಾಲರ್. ಈ ಅಂತರವನ್ನು ಬೇಕೆಂದೇ ಇಟ್ಟಿದ್ದಾರೆ.

ಬಾಡಿಗೆ ಕರಾರಿನ ವಿಷಯವನ್ನು ಸ್ವಲ್ಪ ಒತ್ತಿಯೇ ಹೇಳಬೇಕಾಗಿದೆ. ಇಲ್ಲಿನ ಕರಾರುಗಳಲ್ಲಿ ಪ್ರಾಣಿಗಳನ್ನು ಇಟ್ಟುಕೊಳ್ಳಬಾರದು ಎಂಬ ಷರತ್ತು ಅಚ್ಚಿನಲ್ಲೇ ಇರುವುದುಂಟು. ಮನೆ ತೋರಿಸುವ ಏಜೆಂಟರು "ಮಾಲೀಕರು ಏನೂ ಹೇಳುವುದಿಲ್ಲ ಬಿಡಿ" ಎಂದು ಸಮಾಧಾನ ಹೇಳಬಹುದು, ಆದರೆ ಮುಂಗಡ ಹಣ ಮರಳಿ ಪಡೆಯುವ ದಿನ ಅವರ ಮಾತಿಗೆ ಬೆಲೆ ಇರುವುದಿಲ್ಲ. ಆ ಷರತ್ತನ್ನು ತೆಗೆಸಿ, ಪ್ರಾಣಿಯ ಜಾತಿ, ತಳಿ, ಸಂಖ್ಯೆ ಇಷ್ಟನ್ನೂ ಬರೆಸಿ, ಮನೆ ಬಿಡುವಾಗ ಪರದೆ ಮತ್ತು ಸೋಫಾಗಳನ್ನು ಯಾರ ಖರ್ಚಿನಲ್ಲಿ ಶುಚಿಗೊಳಿಸಬೇಕು ಎಂಬುದನ್ನೂ ಕರಾರಿನಲ್ಲೇ ಸೇರಿಸಿಕೊಳ್ಳಿ. ಮನೆಗೆ ಕಾಲಿಟ್ಟ ದಿನವೇ ಬಾಗಿಲು, ನೆಲ, ಪೀಠೋಪಕರಣಗಳ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿದರೆ, ಹಿಂದಿನವರ ನಾಯಿ ಕೆರೆದ ಗೀರಿಗೆ ನೀವು ಹಣ ತೆರುವ ಪ್ರಸಂಗ ಬರುವುದಿಲ್ಲ.

ಊರಿನ ನಾಯಿಯನ್ನೇ ಕರೆತರುವ ಆಸೆ ಹಲವರಿಗಿದೆ. ಭಾರತದಲ್ಲಿ ರೇಬೀಸ್ ಇರುವುದರಿಂದ ಲಸಿಕೆ, ರಕ್ತ ಪರೀಕ್ಷೆ, ಆಮದು ಅನುಮತಿ, ಇಲ್ಲಿಗೆ ಬಂದ ಮೇಲೆ ಪ್ರತ್ಯೇಕವಾಸ ಎಲ್ಲವನ್ನೂ ದಾಟಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆಮದಿಗೆ ಮೊದಲೇ ಇಲ್ಲಿನ ನಾಯಿ ಪರವಾನಗಿ ಬೇಕಾಗುವುದರಿಂದ, ಎಚ್‌ಡಿಬಿ ವಿಳಾಸ ಕೊಟ್ಟು ದೊಡ್ಡ ತಳಿಯ ನಾಯಿಯನ್ನು ತರಲಾಗದು. ಎಂಟು ವರ್ಷ ತೋಟದಲ್ಲಿ ಓಡಾಡಿದ ನಾಯಿಯನ್ನು ನೂರು ಚದರ ಮೀಟರಿಗೂ ಕಡಿಮೆಯಿರುವ ಮನೆಗೆ ತರುವುದು ಅದರ ಹಿತಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ಅಪ್ಪ ಅಮ್ಮನ ಬಳಿಯೇ ಅದು ಇರಲಿ.

ಪಂಜರದ ಹಕ್ಕಿ, ಮೊಲ, ಹ್ಯಾಮ್‌ಸ್ಟರ್, ಮೀನುಗಳಿಗೆ ಫ್ಲ್ಯಾಟಿನಲ್ಲಿ ತೊಡಕಿಲ್ಲ. ಆದರೆ ನಕ್ಷತ್ರ ಆಮೆಯನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದೃಷ್ಟ ತರುತ್ತದೆ ಎಂದು ಯಾರಾದರೂ ಕೊಡಲು ಬಂದರೂ ತೆಗೆದುಕೊಳ್ಳಬೇಡಿ.